ಹಂದರ ಹಾಕಿದ್ದೆ, ಬೀಗರು ಬರಲಿಲ್ಲ

ಧಾರವಾಡದ ಕೃಷಿ ಮೇಳಕ್ಕೆ ನಾನು ಹೋಗಿದ್ದು ಸುಮ್ನೆ ಅಡ್ಡಾಡಿ ಗಿರಮಿಟ್ ತಿಂದು ಬರಲು. ವಾಪಸ್ ಬರುವಾಗ ಆಟೋದಲ್ಲಿ ನನ್ನ ಪಕ್ಕ ಜೇನು ಪೆಟ್ಟಿಗೆ ಕೂತಿತ್ತು. "ಇದನ್ನ ಹಿತ್ತಲದಾಗ ಇಡ್ರಿ, ಕಾಯಿಪಲ್ಲೆ ತಾನ ಹಿಡೀತಾವ" ಅಂದಿದ್ದ ಮಾರುವವನು. ಒಂದು ವಾರಕ್ಕೆ ತುಡುವೆ ಜೇನಿನ ಸಂಸಾರವೂ ಬಂತು.

ಇರುವೆ ಹತ್ತಬಾರದೆಂದು ಸ್ಟ್ಯಾಂಡಿನ ನಾಲ್ಕೂ ಕಾಲನ್ನು ನೀರಲ್ಲಿ ನಿಲ್ಲಿಸಬೇಕಂತೆ. ಅಡುಗೆಮನೆಯಿಂದ ನಾಲ್ಕು ಸ್ಟೀಲ್ ವಾಟಗ ಒಯ್ದೆ. ಹೆಂಡತಿಗೆ ಅದು ಗೊತ್ತಾಗಿದ್ದು ಬೀಗರು ಪಾಯಸಕ್ಕೆ ಕೂತಾಗ. ಅವತ್ತು ಬೈಸಿಕೊಂಡಿದ್ದನ್ನು ಇಲ್ಲಿ ಬರೆಯುವುದಿಲ್ಲ.

ಮೊದಲ ಸಲ ಪೆಟ್ಟಿಗೆ ತೆರೆಯುವ ದಿನ ತಯಾರಿ ಜೋರಾಗಿತ್ತು. ತಲೆಗೆ ಸೊಳ್ಳೆಪರದೆ. ಹಳೇ ಡಬ್ಬಿಯಲ್ಲಿ ಕುಳ್ಳಿನ ಹೊಗೆ. ಕೆಲಸ ತಡವಾದೀತೆಂದು ಎರಡು ಜವಾರಿ ಬಾಳೆಹಣ್ಣು ತಿಂದು ಹೋದೆ. ಜೇನುಹುಳು ಚುಚ್ಚಿದಾಗ ಉಳಿದವನ್ನು "ಬರ್ರೋ" ಎಂದು ಕರೆಯುವುದು ವಾಸನೆಯಿಂದ. ಆ ವಾಸನೆ ಥೇಟ್ ಬಾಳೆಹಣ್ಣಿನದು! ಇದನ್ನು ನಾನು ಓದಿದ್ದು ಮರುದಿನ, ಒಂದೇ ಕಣ್ಣಿನಿಂದ. ಬಾಯಲ್ಲಿ ಸೈರನ್ ಇಟ್ಟುಕೊಂಡೇ ಮುಚ್ಚಳ ತೆಗೆದಿದ್ದೆ. ಹೆಂಡತಿ ಎಟಿಎಂ ಕಾರ್ಡಿನಿಂದ ಮುಳ್ಳುಗಳನ್ನು ಕೆರೆದು ತೆಗೆದಳು. ಪೆಟ್ಟಿಗೆ ಕೊಂಡ ಮೇಲೆ ಆ ಕಾರ್ಡಿಗೆ ಬೇರೆ ಕೆಲಸವೂ ಇರಲಿಲ್ಲ.

ಇಷ್ಟಾದರೂ ಆಸೆ ಇತ್ತು. ಹೀರೆ ಬಳ್ಳಿ ಹಂದರದ ತುಂಬ ಹಬ್ಬಿತ್ತು. ಆದರೆ ಮಿಡಿಗಳು ಹಳದಿಯಾಗಿ ಉದುರುತ್ತಿದ್ದವು. ಹಗಲೆಲ್ಲ ಕಾದು ನೋಡಿದೆ, ಒಂದು ಹುಳವೂ ಹತ್ತಿರ ಸುಳಿಯಲಿಲ್ಲ. ಸುಳಿಯಲು ಹೂವು ಅರಳಿರಬೇಕಲ್ವಾ? ಹೀರೆ ಹೂವು ಅರಳುವುದು ಸಂಜೆಗೆ. ಅಷ್ಟೊತ್ತಿಗೆ ನನ್ನ ಜೇನುಗಳು ಡ್ಯೂಟಿ ಮುಗಿಸಿ ಮನೆ ಸೇರಿರುತ್ತಿದ್ದವು. ಕೊನೆಗೆ ನಾನೇ ಬ್ಯಾಟರಿ ಹಿಡಿದು ಹೊರಟೆ. ಗಂಡು ಹೂವು ಕಿತ್ತು, ಮಿಡಿ ಇರುವ ಹೆಣ್ಣು ಹೂವಿಗೆ ಮುಟ್ಟಿಸುವುದು. ಕಂಪೌಂಡಿನ ಮೇಲೆ ಬಾಜೂ ಮನೆಯ ಕಾಕಾನ ತಲೆ ಕಾಣಿಸಿತು.

"ಕತ್ತಲದಾಗ ಏನ್ ಮಾಡಾಕತ್ತೀಯೋ ತಮ್ಮಾ?"

"ಮದುವಿ ಮಾಡಸಾಕತ್ತೇನ್ರೀ ಕಾಕಾ."

"ಮಾಡ್ಸು, ಮಾಡ್ಸು. ಹಂದರ ಹೆಂಗೂ ಹಾಕೀದಿ."

ಹಾಗಾದರೆ ನನ್ನ ಸಕ್ಕರೆ ಪಾಕ ಕುಡಿದು ಮಳೆಗಾಲ ಕಳೆದ ಹುಳುಗಳು ಹಗಲು ಹೋಗುತ್ತಿದ್ದುದೆಲ್ಲಿಗೆ? ಕಾಕಾನ ನುಗ್ಗೆ ಗಿಡಕ್ಕೆ. ಆ ವರ್ಷ ನುಗ್ಗೆ ಟೊಂಗೆ ಜೋತುಬಿದ್ದವು. ಕಾಕಾ ಒಂದು ಸಿವುಡು ನುಗ್ಗೆಕಾಯಿ ತಂದುಕೊಟ್ಟು, "ಈ ಸಲ ಏನೋಪಾ, ದೇವರು ಕಣ್ಣ ತೆಗದಾನ" ಅಂದ. ಕಣ್ಣು ಮುಚ್ಚಿಸಿಕೊಂಡವನು ನಾನು. ಸುಳ್ಳು ಹೇಳಬಾರದು, ನಮ್ಮ ಸವತೆಯೂ ಚಲೋ ಬಂತು. ನಮ್ಮನೆಯಲ್ಲಿ ಯಾರಿಗೂ ಸವತೆ ಸೇರುವುದಿಲ್ಲ ಅಷ್ಟೆ.

ಬದನೆಯ ಕಥೆ ಇನ್ನೂ ಚಂದ. ಎಣ್ಣೆಗಾಯಿ ಇಲ್ಲದೆ ಜೋಳದ ರೊಟ್ಟಿ ಹೇಗೆ ಇಳಿಯಬೇಕು ಹೇಳಿ? ಬದನೆಯ ಪರಾಗ ಸುಲಭಕ್ಕೆ ಉದುರದು. ಕೇಸರದ ತುದಿಯಲ್ಲಿ ಸಣ್ಣ ತೂತು. ಹೂವನ್ನು ಗಟ್ಟಿ ಹಿಡಿದು ಗುಂಯ್ ಎಂದು ನಡುಗಿಸಿದರೆ ಚೆನ್ನಾಗಿ ಉದುರುತ್ತದೆ. ನನ್ನ ಜೇನಿಗೆ ಆ ವಿದ್ಯೆ ಬಾರದು. ಬರುವುದು ದಪ್ಪ ಕರೀ ದುಂಬಿಗೆ. ನಮ್ಮ ಹಿತ್ತಲ ಬಾಗಿಲ ಚೌಕಟ್ಟಿಗೆ ತೂತು ಕೊರೆದು ಸಂಸಾರ ಹೂಡಿದ್ದ ಅದೇ ದುಂಬಿಗೆ! ಎರಡು ತಿಂಗಳಿಂದ ನಾನು ಮಗನ ಬ್ಯಾಡ್ಮಿಂಟನ್ ಬ್ಯಾಟ್ ಹಿಡಿದು ಅದರ ಬೆನ್ನು ಹತ್ತಿದ್ದೆ. ನಮ್ಮ ಪುಣ್ಯಕ್ಕೆ ನನ್ನ ಆಟ ಮೊದಲಿನಿಂದಲೂ ಅಷ್ಟಕ್ಕಷ್ಟೆ.

ಬ್ಯಾಟ್ ಅಟ್ಟಕ್ಕೇರಿತು. ಬದನೆ ಗಿಡ ಕಾಯಿ ಹಿಡಿಯಿತು. ಚೌಕಟ್ಟಿನ ತೂತುಗಳು ಎರಡಿದ್ದವು ಐದಾದವು. ಹೆಂಡತಿ ನನ್ನನ್ನು ಕೇಳದೆ ಬಡಿಗನನ್ನು ಕರೆಸಿದಳು. ಅವನು ತೂತಿನಲ್ಲಿ ಬೆರಳಿಟ್ಟು ನೋಡಿ, "ಮುಚ್ಚಿಬಿಡ್ಲೇನ್ರೀ?" ಅಂದ.

"ಬ್ಯಾಡ, ಬ್ಯಾಡ. ಬದನಿಕಾಯಿ ಮುಗೀಲಿ."

ಅವನು ಒಮ್ಮೆ ಚೌಕಟ್ಟು ನೋಡಿದ, ಒಮ್ಮೆ ನನ್ನ ಮುಖ ನೋಡಿದ. ಆಮೇಲೆ ಹೆಂಡತಿಯ ಕಡೆ ತಿರುಗಿ ಮೆಲ್ಲಗೆ ಕೇಳಿದ: "ಅಕ್ಕಾರ, ಹೊಸಾ ಬಾಗಲಕ್ಕ ಅಳತಿ ಈಗ ತಗೊಂಡು ಹೋಗ್ಲೇನ್ರೀ?"