ಆಕ್ಸಿಮೀಟರ್ ತಿರುಗಿಸಿ ಓದಿದರೆ 86 ಕೂಡ 98

ಕೋವಿಡ್ ಬಂದು ಮನೆಯಲ್ಲಿರುವವರು ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರಿನಲ್ಲಿ ದಿನಕ್ಕೆ ಮೂರು ಸಲ ರಕ್ತದ ಆಕ್ಸಿಜನ್ ನೋಡಿ ಫೋನಿನಲ್ಲಿ ತಿಳಿಸಿದರೆ ಸಾಕು ಎಂದು ಒಂದು ಲೇಖನದಲ್ಲಿ ಓದಿದೆ. ಸರಿ, ಆದರೆ ನೋಡುವ ಕ್ರಮ ಹೇಳದೆ ಅಂಕಿ ಮಾತ್ರ ಕೇಳಿದರೆ ಏನು ಪ್ರಯೋಜನ?

ಐದು ನಿಮಿಷ ಸುಮ್ಮನೆ ಕೂತಿರಬೇಕು. ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿ. ನೇಲ್ ಪಾಲಿಶ್, ದಟ್ಟ ಮೆಹಂದಿ ಇಲ್ಲದ ತೋರುಬೆರಳು ಅಥವಾ ನಡುಬೆರಳು ಇಟ್ಟು, ಕೈಯನ್ನು ಎದೆಮಟ್ಟದಲ್ಲಿ ಅಲ್ಲಾಡಿಸದೆ ಹಿಡಿಯಿರಿ. ಮೊದಲು ಬಂದ ಅಂಕಿಯನ್ನು ಬರೆಯಬೇಡಿ. ಒಂದು ನಿಮಿಷ ಬಿಟ್ಟು, ಐದು ಸೆಕೆಂಡ್ ಬದಲಾಗದೆ ನಿಂತದ್ದನ್ನು ಬರೆಯಿರಿ.

ಪರದೆಯಲ್ಲಿ ಎರಡು ಅಂಕಿ ಇರುತ್ತವೆ, ಒಂದು ಆಕ್ಸಿಜನ್, ಇನ್ನೊಂದು ನಾಡಿಬಡಿತ. ಫೋನಿನಲ್ಲಿ ಇವೆರಡು ಅದಲುಬದಲಾಗುವುದು ಮಾಮೂಲು. ಅದಕ್ಕಿಂತ ಅಪಾಯ, ತಿರುಗುಮುರುಗಾಗಿ ಓದುವುದು: 86 ತಲೆಕೆಳಗಾದರೆ 98! ಫೋನಿನಲ್ಲಿ ವಿವರ ಬರೆದುಕೊಳ್ಳುವವರು ಎರಡೂ ಅಂಕಿ ಕೇಳಿ, ಆಕ್ಸಿಜನ್ನಿನ ಶೇಕಡಾ ಗುರುತು ಯಾವುದರ ಪಕ್ಕದಲ್ಲಿದೆ ಎಂದು ಖಚಿತ ಮಾಡಿಕೊಳ್ಳಬೇಕು.

ಆಕ್ಸಿಜನ್ 94ಕ್ಕಿಂತ ಕೆಳಗಿಳಿದರೆ ಅಂದೇ ವೈದ್ಯರಿಗೆ ತಿಳಿಸಿ, 90ಕ್ಕಿಂತ ಕೆಳಗಾದರೆ ತಡಮಾಡದೆ ಆಸ್ಪತ್ರೆಗೆ. ಸಿಓಪಿಡಿ (ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇರುವ ಕೆಲವರಿಗೆ 88–92 ಇರುವುದೇ ಸಹಜ, ಅವರ ಮಿತಿಯನ್ನು ವೈದ್ಯರಿಂದ ಮೊದಲೇ ಬರೆಸಿಟ್ಟುಕೊಳ್ಳಿ. ಕಪ್ಪು ಚರ್ಮದವರಲ್ಲಿ ಯಂತ್ರ ನಿಜಕ್ಕಿಂತ ಹೆಚ್ಚು ತೋರಿಸಬಹುದು. ಹಾಗಾಗಿ ಒಂದು ಅಂಕಿಗಿಂತ, ನಿನ್ನೆಯಿಂದ ಇಂದಿಗೆ ಎಷ್ಟು ಇಳಿಯಿತು ಎಂಬುದನ್ನು ನೋಡುವುದು ಮೇಲು.

ರೋಗಿಯ ಅಂಕಿ ಬರೆದಿಡುವ ಎಷ್ಟೋ ಚಾರ್ಟುಗಳಲ್ಲಿ ಉಸಿರಿನ ಲೆಕ್ಕಕ್ಕೆ ಜಾಗವೇ ಇರುವುದಿಲ್ಲ. ರೋಗಿಗೆ ಹೇಳದೆ, ಎದೆ ಏರಿಳಿಯುವುದನ್ನು ಪೂರ್ತಿ 60 ಸೆಕೆಂಡ್ ಎಣಿಸಿ (ಹೇಳಿದರೆ ಉಸಿರಾಟವೇ ಬದಲಾಗುತ್ತದೆ). ದೊಡ್ಡವರಲ್ಲಿ 24 ಮುಟ್ಟಿದರೆ, ಆಕ್ಸಿಮೀಟರ್ 96 ತೋರಿಸುತ್ತಿದ್ದರೂ ವೈದ್ಯರಿಗೆ ಫೋನ್ ಮಾಡಿ.