ಊರಿಗೆ ಹೋಗಿದ್ದು ನಾವು, ಸಂಬಳ ಕಟ್ಟಾಗಿದ್ದು ಅವರದ್ದು

ಮೊನ್ನೆ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಕೇಳಿದ್ದರು. 'ದಸರಾಕ್ಕೆ ಹತ್ತು ದಿನ ಊರಿಗೆ ಹೋಗ್ತಿದ್ದೀವಿ. ಮಗು ನೋಡ್ಕೊಳ್ಳೋ ಆಂಟಿಗೆ ಅಷ್ಟೂ ದಿನದ ಸಂಬಳ ಹಿಡೀಬಹುದಾ?' ಐದೇ ನಿಮಿಷದಲ್ಲಿ ಎಂಟು ಜನ 'ಎಲ್ಲರೂ ಹಿಡೀತಾರೆ' ಅಂದರು. ನಾನು ಸುಮ್ಮನಿದ್ದೆ. ಮೂರು ವರ್ಷದ ಹಿಂದೆ ನಾನೂ ಹಿಡಿದವಳೇ.

ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯ ಪುಣ್ಯಕ್ಕೆ ನನಗೆ 26 ವಾರ ಹೆರಿಗೆ ರಜೆ ಸಿಕ್ಕಿತ್ತು, ಪೂರ್ತಿ ಸಂಬಳದ ಜೊತೆ. ಅದು ಮುಗಿದ ಮೇಲೆ ಮಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಒಬ್ಬರು ಬಂದರು, ನಾವು ಅವರನ್ನು ಅಕ್ಕ ಅಂತಲೇ ಕರೆಯುವುದು. ಬೆಳಿಗ್ಗೆ ಎಂಟೂವರೆಯಿಂದ ಸಂಜೆ ಆರೂವರೆವರೆಗೆ. ಮಗಳು ರಾಗಿ ಸರಿ ಬಾಯಿಗಿಟ್ಟರೆ ಉಗಿಯುತ್ತಿದ್ದಳು. ಅಕ್ಕ ಅವಳನ್ನು ಸೊಂಟದ ಮೇಲೆ ಕೂರಿಸಿಕೊಂಡು, ಬಾಲ್ಕನಿಯ ಪಾರಿವಾಳ ತೋರಿಸುತ್ತಾ ಬಟ್ಟಲು ಖಾಲಿ ಮಾಡಿಸುತ್ತಿದ್ದರು. ಆ ವಿದ್ಯೆ ನನಗೆ ಇವತ್ತಿಗೂ ಬಂದಿಲ್ಲ.

ಆ ವರ್ಷ ನಾವು ಒಂಬತ್ತು ದಿನ ಊರಿಗೆ ಹೋಗಿದ್ದೆವು. ತಿಂಗಳ ಕೊನೆಗೆ ಕ್ಯಾಲೆಂಡರ್ ಮುಂದೆ ನಿಂತು ಒಂಬತ್ತು ದಿನ ಕಳೆದು ಕೊಟ್ಟೆ. ಅಕ್ಕ ಎರಡು ಸಲ ಎಣಿಸಿದರು. 'ಮನೆ ಬಾಡಿಗೆಗೆ ರಜಾ ಇಲ್ವಲ್ಲ ಮೇಡಂ' ಅಂತ ನಕ್ಕು ಚಪ್ಪಲಿ ಮೆಟ್ಟಿದರು.

ರಜೆ ಹಾಕಿದ್ದು ನಾವು. ಅವರು ಬರಲು ತಯಾರಿದ್ದರು. ಒಂಬತ್ತು ದಿನಕ್ಕೆ ಬೇರೆ ಕೆಲಸ ಯಾರು ಕೊಡುತ್ತಾರೆ? ನಾವು ವಾಪಸ್ ಬಂದ ಮಾರನೇ ದಿನ ಎಂಟೂವರೆಗೆ ಅವರು ಬೆಲ್ ಒತ್ತಲೇಬೇಕು. ಅಂದಮೇಲೆ ಅಷ್ಟೂ ದಿನ ಅವರನ್ನು ಹಿಡಿದಿಟ್ಟಿದ್ದು ನಾವೇ ಅಲ್ವಾ? ಪ್ಲೇಹೋಮಿಗೆ ಬೇಸಿಗೆ ರಜೆಯ ಫೀಸನ್ನೂ ತುಟಿ ಪಿಟಕ್ಕೆನ್ನದೆ ಕಟ್ಟುತ್ತೇವೆ.

'ಮನೆಯವರ ಥರಾನೇ ನೋಡ್ಕೋತೀವಿ' ಅನ್ನುವ ಮಾತು ನನಗೆ ಈಗ ಸೇರುವುದಿಲ್ಲ. ಮನೆಯವರು ಓವರ್‌ಟೈಮ್ ಕೇಳುವ ಹಾಗಿಲ್ಲವಲ್ಲ, ಅದಕ್ಕೇ ಆ ಮಾತು ಅಷ್ಟು ಸಲೀಸು. ಕರ್ನಾಟಕದಲ್ಲಿ ಮನೆಕೆಲಸಕ್ಕೆ ಕನಿಷ್ಠ ವೇತನ ಗೊತ್ತುಮಾಡಿದ್ದು 2004ರಲ್ಲಿ. ನಾವು ಇನ್ನೂ 'ನೀವೆಷ್ಟು ಕೊಡ್ತೀರಾ' ಅಂತ ಪಕ್ಕದ ಮನೆಯವರನ್ನೇ ಕೇಳುತ್ತಿದ್ದೇವೆ.

ಆ ಒಂಬತ್ತು ದಿನದ ದುಡ್ಡನ್ನು ಮುಂದಿನ ತಿಂಗಳು ಕೊಟ್ಟೆ. ಒಂದು ಹಾಳೆಯಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿದೆವು: ಭಾನುವಾರ ರಜೆ, ತಿಂಗಳಿಗೆ ಇನ್ನೆರಡು ದಿನ, ನಾವು ಊರಿಗೆ ಹೋದರೆ ಸಂಬಳ ಹಿಡಿಯುವುದಿಲ್ಲ, ಆರೂವರೆ ದಾಟಿದರೆ ಗಂಟೆಗೆ ಇಷ್ಟು. ಕೊನೆಯದನ್ನು ಸೇರಿಸಿ ಅಂದಿದ್ದು ಅಕ್ಕನೇ. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ದೆಸೆಯಿಂದ ವಾರಕ್ಕೆ ಎರಡು ಸಲ ನಾನು ಆ ದುಡ್ಡು ತೆರುತ್ತೇನೆ.

ಇವತ್ತು ಗುಂಪಿನಲ್ಲಿ 'ದಯವಿಟ್ಟು ಹಿಡೀಬೇಡಿ' ಅಂತ ಬರೆದೆ. ಎರಡು ಹೆಬ್ಬೆಟ್ಟು ಬಂದಿವೆ. ಒಬ್ಬರು 'ನಿಮ್ಮಂಥವರಿಂದಲೇ ರೇಟ್ ಜಾಸ್ತಿ ಆಗೋದು' ಅಂದಿದ್ದಾರೆ.