ಸತ್ಯಾಂಶ: ಸುಮ್ಮನೆ ಕುಳಿತಾಗ ಮೆದುಳು ಮಲಗುತ್ತದೆಯೇ?

ಮುಂಬಯಿ ಸುತ್ತಲಿನ ಡೊಂಬಿವಲಿ, ಮುಲುಂಡ್ ಕಡೆಯ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಸುತ್ತುತ್ತಿದೆ: ಲೋಕಲ್ ರೈಲಿನಲ್ಲಿ ಕಿಟಕಿಯಾಚೆ ನೋಡುತ್ತ ಕುಳಿತರೆ ಮೆದುಳಿನ ಶೇಕಡಾ 90 ಭಾಗ ನಿದ್ರಿಸುತ್ತದಂತೆ, ಎಬ್ಬಿಸಲು ಒಗಟು ಬಿಡಿಸಬೇಕಂತೆ. ಒಗಟು ಬಿಡಿಸುವುದಕ್ಕೆ ಯಾರ ತಕರಾರೂ ಇಲ್ಲ. ಲೆಕ್ಕ ಮಾತ್ರ ಸುಳ್ಳು.

ದೇಹದ ತೂಕದಲ್ಲಿ ಮೆದುಳಿನ ಪಾಲು ಸುಮಾರು ಶೇಕಡಾ 2. ಆದರೆ ವಿಶ್ರಾಂತಿಯಲ್ಲಿರುವ ದೇಹ ಬಳಸುವ ಶಕ್ತಿಯಲ್ಲಿ ಶೇಕಡಾ 20ರಷ್ಟು ಅದಕ್ಕೇ ಬೇಕು. ಕಠಿಣ ಲೆಕ್ಕಕ್ಕೆ ಕುಳಿತರೂ ಈ ಖರ್ಚು ಹೆಚ್ಚುವುದು ಅತ್ಯಲ್ಪ.

1995ರಲ್ಲಿ ಸಂಶೋಧಕ ಭರತ್ ಬಿಸ್ವಾಲ್ ಮತ್ತು ಸಂಗಡಿಗರು ಅಮೆರಿಕದಲ್ಲಿ, ಎಂಆರ್‌ಐ ಯಂತ್ರದೊಳಗೆ ಸುಮ್ಮನೆ ಮಲಗಿದ್ದವರ ಮೆದುಳನ್ನು ಗಮನಿಸಿದರು. ಕೈಗಳು ಅಲುಗದಿದ್ದರೂ, ಅವುಗಳ ಚಲನೆಯನ್ನು ನೋಡಿಕೊಳ್ಳುವ ಎಡಬಲದ ಭಾಗಗಳ ಸಂಕೇತಗಳು ಜೊತೆಜೊತೆಯಾಗಿ ಏರಿಳಿಯುತ್ತಿದ್ದವು! ಯಂತ್ರದ ಅರ್ಥವಿಲ್ಲದ ಏರುಪೇರೆಂದು ಬದಿಗಿಡಬಹುದಾಗಿದ್ದ ಏರಿಳಿತವದು. 2001ರಲ್ಲಿ ನರವಿಜ್ಞಾನಿ ಮಾರ್ಕಸ್ ರೈಕ್ಲ್ ಅವರ ತಂಡ ಇನ್ನೊಂದು ವಿಷಯವನ್ನು ಮುಂದಿಟ್ಟಿತು. ಹಣೆಯ ಹಿಂದಿನ ನಡುಭಾಗ, ಮೆದುಳಿನ ಹಿಂಬದಿಯ ನಡುಭಾಗ ಮೊದಲಾದವು ವಿಶ್ರಾಂತಿಯಲ್ಲಿ ಚುರುಕಾಗಿರುತ್ತವೆ, ಹೊರಗಿನ ಕೆಲಸಕ್ಕೆ ಗಮನ ಹರಿದೊಡನೆ ತಗ್ಗುತ್ತವೆ. ಇದೇ ‘ಡಿಫಾಲ್ಟ್ ಮೋಡ್’ ಜಾಲ. ಹಳೆಯ ನೆನಪು, ನಾಳೆಯ ಯೋಚನೆಗಳಲ್ಲಿ ಇದರ ಪಾತ್ರ ದೊಡ್ಡದು. ಅಂದರೆ, ಕುರ್ಲಾ ದಾಟುವಾಗ ಊರಿನ ಜಾತ್ರೆ ನೆನಪಾದರೆ ಮೆದುಳು ದುಡಿಯುತ್ತಿದೆ ಎಂದೇ ಅರ್ಥ.

ಸಂದೇಶದ ಜೊತೆಗಿರುವ ಮೆದುಳಿನ ಸ್ಕ್ಯಾನಿನ ಬಣ್ಣದ ಚಿತ್ರವೂ ದಾರಿ ತಪ್ಪಿಸುತ್ತದೆ. ಅಂಥ ಚಿತ್ರಗಳಲ್ಲಿ ಸಾಮಾನ್ಯವಾಗಿ ಬಣ್ಣ ತೋರಿಸುವುದು ಎರಡು ಸ್ಥಿತಿಗಳ ನಡುವಿನ ವ್ಯತ್ಯಾಸವನ್ನು ಮಾತ್ರ. ಬಣ್ಣವಿಲ್ಲದ ಜಾಗವೂ ಕೆಲಸ ಮಾಡುತ್ತಲೇ ಇರುತ್ತದೆ.